ಬಾಣಂತಿ ಕೋಣೆಯಿಂದ ಮಿರಜದವರೆಗೆ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ತಡೆಯಲಾಗದೆ ಮೂತ್ರ ಸೋರುವುದಕ್ಕೆ ಒತ್ತಡದ ಮೂತ್ರ ಸೋರಿಕೆ ಎಂದು ಹೆಸರು. ಇಲ್ಲಿ ಒತ್ತಡವೆಂದರೆ ಮನಸ್ಸಿನದಲ್ಲ, ಹೊಟ್ಟೆಯೊಳಗಿನದು. ಮೂತ್ರನಾಳಕ್ಕೆ ಕೆಳಗಿನಿಂದ ಆಸರೆ ಕೊಡುವ ತಳದ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲಗೊಂಡರೆ, ಮೇಲಿನಿಂದ ಬೀಳುವ ಒತ್ತಡವನ್ನು ನಾಳ ತಡೆಯಲಾರದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೆಂಗಸರಿಗೆ ಈ ತೊಂದರೆ ಹೊಸದೇನೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆಯೆಂಬ ಅರಿವು ಮಾತ್ರ ಬಹಳ ತಡವಾಗಿ ಬಂದಿತು.

ಈ ಭಾಗದಲ್ಲಿ ಹೆರಿಗೆಯ ನಂತರದ ಆರೈಕೆ ಬಹುಕಾಲ ಸೂಲಗಿತ್ತಿ ಮತ್ತು ತವರಿನ ಹಿರಿಯರ ಕೈಯಲ್ಲೇ ಇತ್ತು. ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವುದು, ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುವುದು, ಅಂಟಿನ ಉಂಡಿ, ಅಳವಿ ಪಾಯಸ ತಿನ್ನಿಸುವುದು ಎಲ್ಲವೂ ಬಾಣಂತನದ ಕ್ರಮದಲ್ಲಿದ್ದವು. ಸೋರಿಕೆ ತಗ್ಗಲು ನಿಜವಾಗಿ ನೆರವಾದದ್ದು ಇವುಗಳ ಜೊತೆಗಿದ್ದ ವಿಶ್ರಾಂತಿ. ಭಾರ ಎತ್ತದೆ ಕಳೆದ ಆ ದಿನಗಳಲ್ಲಿ ಹಿಗ್ಗಿದ ಸ್ನಾಯು ಮಾಯಲು ಸಮಯ ಸಿಗುತ್ತಿತ್ತು. ಹೊಟ್ಟೆ ಕಟ್ಟಿದ ಸೀರೆ ಬೆನ್ನಿಗೆ ಹಿತ ಕೊಟ್ಟರೂ ತಳದ ಸ್ನಾಯುವಿಗೆ ಬಲ ತುಂಬುವಂಥದ್ದಲ್ಲ. ಆ ಸ್ನಾಯುವನ್ನು ಬಿಗಿಹಿಡಿಯುವ ಮೂಲಬಂಧವನ್ನು ಹಠಯೋಗ ಪ್ರದೀಪಿಕೆ ಶತಮಾನಗಳ ಹಿಂದೆಯೇ ವಿವರಿಸಿತ್ತು. ಆದರೆ ಅದು ಸಾಧಕರ ವಿದ್ಯೆಯಾಗಿ ಉಳಿಯಿತು, ಬಾಣಂತಿ ಕೋಣೆಯ ಹೊಸ್ತಿಲು ದಾಟಿ ಬರಲಿಲ್ಲ. ಬಂದಿದ್ದರೆ ಎಷ್ಟೋ ಹೆಂಗಸರ ಬದುಕು ಹಗುರವಾಗುತ್ತಿತ್ತು.

ಬಾಣಂತನ ಮುಗಿದ ಮೇಲೆ ಕಾದಿರುತ್ತಿದ್ದುದು ದುಡಿಮೆ. ಕೃಷ್ಣಾ, ದೂಧಗಂಗಾ ದಂಡೆಯ ಹೊಲಗಳಲ್ಲಿ ಕಬ್ಬಿನ ಹೊರೆ, ಮೇವಿನ ಹೊರೆ ತಲೆಯ ಮೇಲೆ ಏರುತ್ತಿತ್ತು. ನಿಪ್ಪಾಣಿಯಲ್ಲಿ ತಂಬಾಕು ಬಡಿದು ಸೋಸುವ ಕೆಲಸ ಹೆಚ್ಚಾಗಿ ಹೆಂಗಸರದೇ. ಅಲ್ಲಿನ ದೂಳು ಕೆಮ್ಮು ತರುತ್ತದೆ, ಬಿಡದ ಕೆಮ್ಮು ತಳದ ಸ್ನಾಯುವನ್ನು ದಿನವೂ ಜಗ್ಗುತ್ತದೆ. 1980ರ ದಶಕದಲ್ಲಿ ಈ ಹೆಂಗಸರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಸೀರೆ ಒದ್ದೆಯಾಗುವ ಸಂಕಟವನ್ನು ಮಾತ್ರ ನಾಚಿಕೆಯಿಂದ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬಾಗಿಲು ತೆರೆದದ್ದು ಇಂದಿನ ರಾಜ್ಯದ ಗಡಿಯಾಚೆ. ಕಾಗವಾಡಕ್ಕೆ ಹತ್ತಿರದ ಮಿರಜದಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ಸ್ಥಾಪಿಸಿದರು. ಶಸ್ತ್ರಚಿಕಿತ್ಸೆಗೆ ಅದು ದೂರದೂರದವರೆಗೆ ಹೆಸರಾಯಿತು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಿಂದ ರೈಲು ನೇರ ಅಲ್ಲಿಗೇ ಒಯ್ಯುತ್ತದೆ. ಕಾಯಿಲೆ ಕೈಮೀರಿದರೆ ಮಿರಜಕ್ಕೆ ಕರೆದೊಯ್ಯುವುದು ಇಂದಿಗೂ ಈ ಭಾಗದ ರೂಢಿ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ.

ಅಷ್ಟರೊಳಗೆ ಚಿಕಿತ್ಸೆಯ ಸ್ವರೂಪ ಹಲವು ಸಲ ಬದಲಾಗಿತ್ತು. ಮೂತ್ರಕೋಶದ ಕುತ್ತಿಗೆಯ ಕೆಳಗೆ ಹೊಲಿಗೆ ಹಾಕಿ ಬಿಗಿ ಮಾಡುವ ವಿಧಾನವನ್ನು ಅಮೆರಿಕದ ಹೊವಾರ್ಡ್ ಕೆಲ್ಲಿ 1913ರಲ್ಲಿ ವಿವರಿಸಿದ್ದರು. ಜಾರಿದ ಗರ್ಭಕೋಶ ಸರಿಪಡಿಸುವಾಗ ಅದರ ಜೊತೆಗೇ ಈ ಹೊಲಿಗೆ ಹಾಕುವುದು ಭಾರತದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆಯಿತು. ಆದರೆ ಅದರ ಗುಣ ಹೆಚ್ಚು ದಿನ ನಿಲ್ಲದು. 1942ರಲ್ಲಿ ಆಲ್ಡ್ರಿಜ್ ರೋಗಿಯ ಹೊಟ್ಟೆಯ ಗೋಡೆಯಿಂದಲೇ ಪಟ್ಟಿ ತೆಗೆದು ಮೂತ್ರನಾಳಕ್ಕೆ ಜೋಲಿಯಂತೆ ಕಟ್ಟಿದರು. 1961ರಲ್ಲಿ ಬರ್ಚ್ ಹೊಟ್ಟೆಯ ಮೂಲಕ ಎತ್ತಿ ಹೊಲಿಯುವ ವಿಧಾನ ತಂದರು. 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಪಾಲಿಪ್ರೊಪಿಲೀನ್ ಜಾಲರಿಯ ಸಣ್ಣ ಪಟ್ಟಿಯನ್ನು ನಾಳದ ನಡುಭಾಗದ ಕೆಳಗೆ ಇಡುವುದನ್ನು ವರದಿ ಮಾಡಿದ ಮೇಲೆ ದೊಡ್ಡ ಗಾಯವಿಲ್ಲದೆ ಚಿಕಿತ್ಸೆ ಸಾಧ್ಯವಾಯಿತು. ಆದರೆ ಜಾಲರಿಯಿಂದ ನೋವು, ಒಳಗೆ ಕೊರೆತ ಅನುಭವಿಸಿದ ಹೆಂಗಸರ ದೂರು ಹೆಚ್ಚಿ, 2018ರಲ್ಲಿ ಇಂಗ್ಲೆಂಡ್ ಅದರ ಬಳಕೆಗೆ ತಡೆ ಹಾಕಿತು. ರೋಗಿಯ ಸ್ವಂತ ಅಂಗಾಂಶದ ಪಟ್ಟಿಗೆ ಆಗ ಮತ್ತೆ ಬೆಲೆ ಬಂತು. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಯೋನಿಯೊಳಗೆ ಇಟ್ಟುಕೊಳ್ಳುವ ರಬ್ಬರ್ ಅಥವಾ ಸಿಲಿಕೋನ್ ಬಳೆ ಇದೆ, ಅದು ಆಸರೆಯಷ್ಟೇ. ಬರೀ ಗರ್ಭಚೀಲ ತೆಗೆಸಿದರೆ ಸೋರಿಕೆ ನಿಲ್ಲುತ್ತದೆಂಬ ನಂಬಿಕೆ ತಪ್ಪು.

ಈ ಎಲ್ಲಕ್ಕಿಂತ ಅಗ್ಗದ್ದು, ಮೊದಲು ಮಾಡಬೇಕಾದದ್ದು 1948ರಲ್ಲೇ ಗೊತ್ತಾಗಿತ್ತು. ತಳದ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಸೋರಿಕೆ ತಗ್ಗುತ್ತದೆಂದು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಆ ವರ್ಷ ಬರೆದರು. ಹಿಡಿತದ ಬಲ ಅಳೆಯುವ ಸಾಧನವನ್ನೂ ರೂಪಿಸಿದರು. ಮೂತ್ರವನ್ನು ನಡುವೆ ತಡೆಯುವಾಗ ಬಿಗಿಯುವ ಸ್ನಾಯುವೇ ಅದು. ಗುರುತು ಸಿಕ್ಕ ಮೇಲೆ ಅಭ್ಯಾಸವನ್ನು ಮೂತ್ರ ವಿಸರ್ಜನೆಯ ಹೊತ್ತಿನಲ್ಲಿ ಮಾಡಬಾರದು. ಅವಸರ ಹತ್ತಿ ಸೋರುವುದು ಬೇರೆ ಬಗೆ, ಅದರ ಚಿಕಿತ್ಸೆಯೂ ಬೇರೆ. ಉರಿ, ರಕ್ತ ಕಂಡರೆ ಮೊದಲು ವೈದ್ಯರನ್ನು ನೋಡಬೇಕು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ಆರೈಕೆ ಸುಧಾರಿಸಿದ್ದಕ್ಕೆ ದೊಡ್ಡ ಸಾಕ್ಷ್ಯವಿದೆ. 2002ರಿಂದ 2005ರವರೆಗೆ ಇಲ್ಲಿನ 1,620 ಹೆಂಗಸರ ಮೇಲೆ, ಹಳ್ಳಿಯ ನರ್ಸಬಾಯಿಯರ ಕೈಯಿಂದಲೇ ನಡೆದ ಅಧ್ಯಯನ, ಮಿಸೊಪ್ರೊಸ್ಟಾಲ್ ಮಾತ್ರೆ ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ತೋರಿಸಿತು. ಪ್ರಾಣ ಉಳಿಸುವುದೇ ಮೊದಲ ಕೆಲಸವಾಗಿದ್ದ ಕಾಲವದು, ಹಾಗಿರುವುದು ಸರಿಯೂ ಹೌದು. ಬದುಕುಳಿದ ತಾಯಿ ಒದ್ದೆ ಸೀರೆಯಲ್ಲೇ ಮೂವತ್ತು ವರ್ಷ ದುಡಿಯಬೇಕಿಲ್ಲ ಎನ್ನುವುದು ಈಗಿನ ಕೆಲಸ. ಮಾತ್ರೆ ಕೊಟ್ಟ ಅದೇ ನರ್ಸಬಾಯಿ, ಮನೆಗೆ ಬರುವ ಆಶಾ ಕಾರ್ಯಕರ್ತೆ ಈ ವ್ಯಾಯಾಮವನ್ನೂ ಕಲಿಸಬೇಕು. ಒಂದು ಸಲಕ್ಕೆ ಕನಿಷ್ಠ 8 ಹಿಡಿತ, ದಿನಕ್ಕೆ 3 ಸಲ, 3 ತಿಂಗಳು. ಚೊಚ್ಚಲ ಬಾಣಂತಿ ತವರಿನಲ್ಲಿ ಕಳೆಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ.