ಮನುಷ್ಯರಿಂದ ಕಟ್ಟಿದ ಕೋಟೆ

ಅರಸೀಕೆರೆಯ ದಕ್ಷಿಣಕ್ಕಿರುವ ಹಾರನಹಳ್ಳಿಯಲ್ಲಿ 1234ರಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸಹೋದರರಾದ ಸೋವಣ್ಣ, ಕೇಸಣ್ಣ ಸೇರಿ ಲಕ್ಷ್ಮೀನರಸಿಂಹನ ತ್ರಿಕೂಟ ದೇಗುಲ ಕಟ್ಟಿಸಿದರು. ಹೊಯ್ಸಳರ ಇಮ್ಮಡಿ ನರಸಿಂಹನ ಆಳ್ವಿಕೆಯ ಕೊನೆಯ ಕಾಲ ಅದು. ಆ ದೇಗುಲದ ದೇವರಾದ ನರಸಿಂಹನ ಕಥೆಯಲ್ಲಿ ಭಕ್ತಿಯ ಜೊತೆಗೆ ರಕ್ಷಣೆಯ ಲೆಕ್ಕಾಚಾರವೂ ಇದೆ. ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ, ಹಗಲು ಬೇಡ, ಇರುಳು ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ಹಿರಣ್ಯಕಶಿಪು ತನ್ನ ಮೈಗೆ ಒಂದರ ಮೇಲೊಂದು ಷರತ್ತು ತೊಡಿಸಿಕೊಂಡ. ಕೊನೆಗೆ ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ಉಗುರಿಗೆ ಸಿಕ್ಕಿದ. ಮೇಜಿನ ಸುತ್ತ ಕುಳಿತು ಕಲ್ಪಿತ ವೀರರ ಪಾತ್ರ ವಹಿಸುವ ಆಟಗಳನ್ನು ಆಡುವವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ಪ್ರತಿ ಪಾತ್ರಕ್ಕೂ ‘ಆರ್ಮರ್ ಕ್ಲಾಸ್’ ಎಂಬ ಒಂದು ಅಂಕಿ ಇರುತ್ತದೆ. 2014ರ ನಿಯಮಗಳ ಪ್ರಕಾರ ಬರಿಮೈಗೆ 10, ಗುರಾಣಿ ಹಿಡಿದರೆ ಇನ್ನೆರಡು, ಅಡಿಯಿಂದ ಮುಡಿಯವರೆಗೆ ಲೋಹದ ತಗಡು ತೊಟ್ಟರೆ 18. ಆ ಅಂಕಿಯನ್ನು ಏರಿಸುವುದು ಹೇಗೆಂಬುದು ಆಟಗಾರರ ಮುಗಿಯದ ಚರ್ಚೆ. ಅದೇ ಪ್ರಶ್ನೆಯನ್ನು ಹಾರನಹಳ್ಳಿಯ ಸುತ್ತಲಿನ ಸೀಮೆಗೆ, ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದ ಹೊಯ್ಸಳರ ಕಾಲಕ್ಕೆ ಕೇಳಬಹುದು: ಇಲ್ಲಿ ಒಬ್ಬ ಒಡೆಯ ತನ್ನ ರಕ್ಷಣೆಯನ್ನು ಹೆಚ್ಚಿಸಿಕೊಳ್ಳುತ್ತಿದ್ದುದು ಯಾವುದರಿಂದ? ಕಬ್ಬಿಣಕ್ಕಿಂತ ಹೆಚ್ಚಾಗಿ ಮನುಷ್ಯರಿಂದ, ಆ ಮನುಷ್ಯರನ್ನು ಕಟ್ಟಿಹಾಕುವ ಋಣದಿಂದ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಕಲ್ಲಿನದು. ಕನ್ನಡನಾಡಿನ ಊರೂರಲ್ಲೂ ಸಿಗುವ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕೆಳಗಿನ ಅಂಕಣದ ವೀರ ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿದವನಿರಬಹುದು, ಊರಳಿವಿನಲ್ಲಿ ಬಿದ್ದವನಿರಬಹುದು. ಸೊಂಟಕ್ಕೆ ಬಿಗಿದ ತುಂಡು ಬಟ್ಟೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹರಿಗೆ, ಇಲ್ಲವೆಂದರೆ ಬಿಲ್ಲು: ಹೆಚ್ಚಿನ ಕಲ್ಲುಗಳಲ್ಲಿ ಅವನ ಸಜ್ಜು ಇಷ್ಟೇ. ಎದೆ ತೆರೆದೇ ಇರುತ್ತದೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಶಿಲ್ಪಿ ಕಂಡದ್ದನ್ನು ಕೆತ್ತುವುದಿಲ್ಲ, ಪರಂಪರೆ ಹೇಳಿದ್ದನ್ನು ಕೆತ್ತುತ್ತಾನೆ. ವೀರನ ಮೈಕಟ್ಟು ಕಾಣಲೆಂದು ಜೋಡನ್ನು ಬಿಟ್ಟಿರಬಹುದು. ಮಾತಿನಲ್ಲಿ ಹುರುಳಿದೆ. ಕನ್ನಡ ಕಾವ್ಯಗಳಿಗೆ ಜೋಡು, ಸೀಸಕ ಅಪರಿಚಿತವೇನಲ್ಲ. ಅರಸರೂ ಕುದುರೆ ಸವಾರರೂ ಅವನ್ನು ತೊಡುತ್ತಿದ್ದರು ಎಂಬುದನ್ನು ಅಲ್ಲಗಳೆಯಲು ಕಾರಣವಿಲ್ಲ. ಈ ಸೆಕೆಯ ನಾಡಿನಲ್ಲಿ ದಪ್ಪ ಬಟ್ಟೆಯ, ತೊಗಲಿನ ಅಂಗಿಗಳೂ ಇದ್ದಿರಬಹುದು, ಕಲ್ಲಿನಲ್ಲಿ ಅವುಗಳ ಗುರುತು ಸಿಗದು. ಆದರೂ ಶಿಲ್ಪಿಯ ಪರಂಪರೆಯೊಂದೇ ಇದನ್ನು ಪೂರ್ತಿ ವಿವರಿಸಲಾರದು. ಹೊಯ್ಸಳ ದೇಗುಲಗಳ ಕೆಳಪಟ್ಟಿಕೆಯಲ್ಲಿ ಆನೆಗಳ ಸಾಲಿನ ಮೇಲೆ ಓಡುವ ಕುದುರೆಗಳ ಸಾಲನ್ನು ನೋಡಿದವರಿಗೆ ಆ ಉಳಿಗಳು ಎಷ್ಟು ಸೂಕ್ಷ್ಮವೆಂದು ಹೇಳಬೇಕಾಗಿಲ್ಲ. ಕಡಿವಾಣದ ಎಳೆ, ಹಾರದ ಮಣಿ ಯಾವುದನ್ನೂ ಬಿಡದ ಕೈಗಳು ಅವು. ಅಂಥ ಕೈಗಳಿಗೆ ಜೋಡು ಮುಖ್ಯವೆನಿಸಿದ್ದರೆ ಅದು ಕಲ್ಲಿಗೆ ಬರುತ್ತಿತ್ತು. ಇನ್ನು ಹಳ್ಳಿಯ ವೀರಗಲ್ಲು ಅರಮನೆಯ ಅಭಿರುಚಿಗಾಗಿ ನಿಂತದ್ದಲ್ಲ. ಸತ್ತವನ ಮನೆಯವರು, ಊರವರು ಅವನನ್ನು ನೆನೆಯಲು ನಿಲ್ಲಿಸಿದ್ದು. ಅವರೂ ಅವನನ್ನು ಹರಿಗೆಯೊಂದಿಗೇ ನೆನೆದರು.

ಆದರೆ ಶಿಲ್ಪಕ್ಕಿಂತ ನನಗೆ ಹೆಚ್ಚು ನಂಬಿಕೆ ಬರುವುದು ಶಾಸನಗಳ ಲೆಕ್ಕದಲ್ಲಿ. ಒಂದು ಸಮಾಜ ತನ್ನ ಭದ್ರತೆಯನ್ನು ಎಲ್ಲಿ ಕಂಡಿತೆಂದು ತಿಳಿಯಬೇಕಾದರೆ ಅದು ಭೂಮಿಯನ್ನು ಯಾರಿಗೆ ಕೊಟ್ಟಿತೆಂದು ನೋಡಬೇಕು. ಹೊಯ್ಸಳರಿಗಿಂತ ಹಿಂದಿನದಾದರೂ ಮದ್ದೂರು ಬಳಿಯ ಆತಕೂರಿನ ಶಾಸನ ಇಲ್ಲಿ ದಾರಿ ತೋರಿಸುತ್ತದೆ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ. ಅಲ್ಲಿ ತನ್ನ ಕಡೆ ಕಾದಿದ ಮಣಲೇರನ ಪರಾಕ್ರಮ ಮೆಚ್ಚಿ ಗಂಗರ ಬೂತುಗ ಅವನಿಗೆ ಊರುಗಳನ್ನೇ ಬಾಳ್ಗಳ್ಚಾಗಿ ಕೊಟ್ಟ, ಕತ್ತಿ ತೊಳೆದು ಕೊಡುವ ದತ್ತಿಯಾಗಿ. ಕಾದಿ ಸತ್ತವನ ಮನೆಗೆ ಸಿಗುತ್ತಿದ್ದ ಹೊಲ ನೆತ್ತರುಗೊಡಗೆ. ಇಂಥ ದತ್ತಿಗಳು ಕನ್ನಡನಾಡಿನುದ್ದಕ್ಕೂ ಶತಮಾನಗಳ ಕಾಲ ನಡೆದವು. ಉಣಿಸಿದವನಿಗೆ ಪ್ರಾಣ ಕೊಟ್ಟು ತೀರಿಸುವ ಋಣ ಜೋಳವಾಳಿ, ಹೊತ್ತು ಬಂದಾಗ ಸಾಯುವುದಾಗಿ ಕೊಟ್ಟ ಮಾತು ವೇಳೆವಾಳಿ. ಒಡೆಯನ ಗದ್ದೆ ಹೀಗೆ ಸೈನಿಕನ ಮನೆಗೆ ಹೋಗಿ, ಒಡೆಯನ ಸುತ್ತ ಬೇಲಿಯಾಗಿ ಮರಳುತ್ತಿತ್ತು. ರಾಜನೀತಿಯ ಶಾಸ್ತ್ರಗಳೂ ಇದನ್ನು ಗುರುತಿಸಿದ್ದವು. ಮನುಸ್ಮೃತಿ ಹೇಳುವ ಆರು ದುರ್ಗಗಳಲ್ಲಿ ಒಂದು ನೃದುರ್ಗ, ಮನುಷ್ಯರ ಕೋಟೆ. ಮನು ಗಿರಿದುರ್ಗವನ್ನು ಮೇಲೆಂದರೆ, ಮಹಾಭಾರತದ ಶಾಂತಿಪರ್ವ ಮನುಷ್ಯರ ಕೋಟೆಯನ್ನೇ ದಾಟಲು ಅತಿ ಕಷ್ಟವಾದದ್ದೆಂದು ಎಣಿಸುತ್ತದೆ.

ಈ ಪದ್ಧತಿಯ ತುತ್ತತುದಿ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇಗುಲದ ಬಳಿ ನಿಂತ ಕಂಬವೊಂದು ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿನದು. ಬಲ್ಲಾಳ 1220ರಲ್ಲಿ ತೀರಿಕೊಂಡ. ಲಕ್ಷ್ಮ ಅವನ ಗರುಡ, ಎಂದರೆ ಒಡೆಯ ಅಳಿದ ಮೇಲೆ ತಾನು ಉಳಿಯುವುದಿಲ್ಲವೆಂದು ವ್ರತ ತೊಟ್ಟವನು. ಅವನು ಪ್ರಾಣ ಬಿಟ್ಟ. ಹೆಂಡತಿ ಸುಗ್ಗಲದೇವಿಯೂ ಅವನ ಭಟರೂ ಜೊತೆಗೆ ಹೋದರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಭಟರ ಆಕೃತಿಗಳಿವೆ. ಲಕ್ಷ್ಮನೊಬ್ಬನೇ ಹೀಗೆ ಮಾಡಿದ್ದಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಹೊಯ್ಸಳ ಅರಸರಿಗೆ ತಲೆಮಾರಿನಿಂದ ತಲೆಮಾರಿಗೆ ಗರುಡರಾದ ಒಂದೇ ಮನೆತನವನ್ನು ದಾಖಲಿಸುತ್ತವೆ.

ಇದು ರಕ್ಷಣೆ ಹೇಗಾಯಿತು, ಒಡೆಯ ಸತ್ತ ಮೇಲೆ ಸಾಯುವುದರಿಂದ ಅವನಿಗೇನು ಲಾಭ ಎಂದು ಯಾರಾದರೂ ಕೇಳಬಹುದು. ಲಾಭವೆಲ್ಲ ಒಡೆಯ ಬದುಕಿದ್ದಾಗಲೇ. ಅರಸನ ಹತ್ತಿರ ಕತ್ತಿ ಹಿಡಿದು ನಿಲ್ಲಲು ಅಪ್ಪಣೆ ಇರುವುದು ಮೈಗಾವಲಿನವರಿಗೆ. ಅರಸ ಮಲಗುವಾಗ, ಉಣ್ಣುವಾಗ ಜೋಡು ತೊಟ್ಟಿರುವುದಿಲ್ಲ. ಕಬ್ಬಿಣ ರಣರಂಗದ ಶತ್ರುವನ್ನು ತಡೆದೀತು, ಹಾಸಿಗೆಯ ಪಕ್ಕದವನನ್ನು ತಡೆಯದು. ಒಡೆಯನ ಸಾವೇ ತನ್ನ ಸಾವೆಂದು ಲೋಕದ ಮುಂದೆ ವ್ರತ ತೊಟ್ಟವನನ್ನು ಹೊನ್ನು ಕೊಟ್ಟು ಕೊಳ್ಳಲಾಗದು, ಆ ಹೊನ್ನನ್ನು ಅನುಭವಿಸಲು ಅವನು ಉಳಿದಿರುವುದೇ ಇಲ್ಲ. ಒಬ್ಬೊಬ್ಬ ಗರುಡನ ಆತ್ಮಾರ್ಪಣೆಯೂ ಮುಂದಿನ ಗರುಡನ ವ್ರತಕ್ಕೆ ಬೆಲೆ ತಂದುಕೊಟ್ಟಿತು. ಕಂಬ ನಿಲ್ಲಿಸಿ, ಎಲ್ಲರೂ ಕಾಣುವಂತೆ ಕೆತ್ತಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಇವರೆಲ್ಲ ಮನಸಾರೆ ಸತ್ತರೇ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಮೆಚ್ಚುಗೆಯ ಭರದಲ್ಲಿ ಇದನ್ನು ಬದಿಗೆ ಸರಿಸುವುದು ತಪ್ಪು. ತಲೆಮಾರುಗಳಿಂದ ಒಂದು ಮನೆಯವರೇ ಗರುಡರಾಗಿ ಬಂದಿದ್ದರೆ ಆ ಮನೆಯ ಹುಡುಗನಿಗೆ ಆಯ್ಕೆ ಎಷ್ಟಿತ್ತು? ಭೂಮಿ, ಮರ್ಯಾದೆ, ಮನೆಯ ಹೆಸರು ಎಲ್ಲವೂ ಆ ವ್ರತಕ್ಕೆ ಗಂಟು ಬಿದ್ದಿದ್ದಾಗ ಒಲ್ಲೆನೆನ್ನುವುದು ಸುಲಭವಿರಲಿಲ್ಲ. ಸುಗ್ಗಲದೇವಿ ಏನು ಎಣಿಸಿದಳೆಂಬುದು ನಮಗೆ ತಲುಪಿರುವುದು ಅವಳನ್ನು ಹೊಗಳುವವರ ಮಾತಿನಲ್ಲಿ ಮಾತ್ರ. ಈ ವ್ಯವಸ್ಥೆಯಲ್ಲಿ ರಕ್ಷಣೆ ಒಬ್ಬನಿಗೆ, ಬೆಲೆ ತೆತ್ತವರು ಬೇರೆಯವರು. ಇದನ್ನು ಒಪ್ಪಿಕೊಂಡರೆ ವಾದ ದುರ್ಬಲವಾಗುವುದಿಲ್ಲ. ಋಣ ಅಷ್ಟು ಬಿಗಿಯಾಗಿತ್ತೆಂಬುದೇ ಆ ಕೋಟೆ ಎಷ್ಟು ಗಟ್ಟಿಯಿತ್ತೆಂಬುದಕ್ಕೆ ಸಾಕ್ಷಿ.

ಹಳೇಬೀಡಿನ ಗೋಡೆಯ ಮೇಲೆ ಚಕ್ರವ್ಯೂಹದ ಪ್ರಸಿದ್ಧ ಶಿಲ್ಪವಿದೆ, ಸುರುಳಿ ಸುತ್ತಿದ ವ್ಯೂಹದೊಳಗೆ ನುಗ್ಗುವ ಅಭಿಮನ್ಯುವಿನದು. ಭಾರತದ ಆ ಪ್ರಸಂಗದಲ್ಲಿ ಅಭಿಮನ್ಯುವಿನ ಕವಚ ಅಭೇದ್ಯವೆಂದು ದ್ರೋಣನೇ ಒಪ್ಪುತ್ತಾನೆ. ಬಿಲ್ಲನ್ನು ಕತ್ತರಿಸಿ ಎಂದು ಕರ್ಣನಿಗೆ ಉಪಾಯ ಹೇಳಿಕೊಡುತ್ತಾನೆ. ಹುಡುಗ ಸತ್ತದ್ದು ಕವಚದ ಕೊರತೆಯಿಂದಲ್ಲ. ಬೆನ್ನಿಗೆ ಬರಬೇಕಿದ್ದ ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದದ್ದರಿಂದ. ಗರುಡರ ನಾಡಿನಲ್ಲಿ ಈ ಕಥೆ ಕಲ್ಲಿಗೇರಿದ್ದು ಅಲಂಕಾರಕ್ಕೆ ಮಾತ್ರವೆಂದು ನನಗೆ ಅನಿಸುವುದಿಲ್ಲ. ಈಗಿನ ಆಟದ ನಿಯಮಗಳಲ್ಲೂ ಇದಕ್ಕೊಂದು ಎಡೆಯಿದೆ: ಗುರಾಣಿ ಹಿಡಿದ ಹೋರಾಳು ಪಕ್ಕದಲ್ಲಿರುವ ಜೊತೆಗಾರನ ಮೇಲೆ ಬೀಳುವ ಏಟನ್ನು ಹಾದಿ ತಪ್ಪಿಸಬಹುದು. ಆಟಗಾರರು ಜೋಡಿನ ಅಂಕಿಗೆ ಕೊಡುವಷ್ಟು ಗಮನವನ್ನು ಇದಕ್ಕೂ ಕೊಡಬೇಕೆಂದು ಹೊಯ್ಸಳರ ಇತಿಹಾಸ ಬಲ್ಲವರು ಧೈರ್ಯವಾಗಿ ಹೇಳಬಹುದು.

ಮನುಷ್ಯರ ಕೋಟೆಗೆ ಮಿತಿಯಿತ್ತು. ಅದು ಒಬ್ಬ ಒಡೆಯನ ಸುತ್ತ ಕಟ್ಟಿದ್ದು. ಒಡೆಯನಿಲ್ಲದ ಕಡೆ ಅದೂ ಇರುವುದಿಲ್ಲ. 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರನ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಎಂದರೆ ಇಂದಿನ ಹಳೇಬೀಡಿಗೆ, ಬಂದಾಗ ಮುಮ್ಮಡಿ ಬಲ್ಲಾಳ ಪಾಂಡ್ಯರ ಕಲಹದಲ್ಲಿ ಪಾಲು ಕೇಳಲು ತೆಂಕಣಕ್ಕೆ ಹೋಗಿದ್ದ. ಅವಸರದಲ್ಲಿ ಮರಳಿ ಬಂದು ಆನೆ, ಕುದುರೆ, ಭಂಡಾರ ಒಪ್ಪಿಸಿ ಶರಣಾದ. ರಾಜಧಾನಿಗೆ ಕೋಟೆಗೋಡೆ ಇತ್ತು, ಅದು ನೆರವಿಗೆ ಬರಲಿಲ್ಲ. ಮೂರು ದಶಕಗಳ ಮೇಲೆ, 1342ರ ಸುಮಾರಿಗೆ, ಅದೇ ಬಲ್ಲಾಳ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಮಧುರೆಯ ಸುಲ್ತಾನನ ಪಡೆಯನ್ನು ಮುತ್ತಿದ್ದ.  ಮುಂದಿನದನ್ನು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಕದನವಿರಾಮ ನಂಬಿ ಹೊಯ್ಸಳ ಪಾಳೆಯ ಸಡಿಲವಾಗಿತ್ತು, ಕುದುರೆಗಳು ಮೇಯಲು ಹೋಗಿದ್ದವು. ಆಗ ಎರಗಿದ ಶತ್ರುವಿನಿಂದ ತಪ್ಪಿಸಿಕೊಂಡು ಓಡುತ್ತಿದ್ದ ಎಂಬತ್ತರ ಮುದುಕ ಯಾರೆಂದು ಬೆನ್ನಟ್ಟಿದವನಿಗೆ ತಿಳಿಯಲಿಲ್ಲ. ಕೊಲ್ಲಲು ಕೈಯೆತ್ತಿದಾಗ, ಇವನೇ ಅರಸನೆಂದು ಬೆನ್ನಟ್ಟಿದವನ ಕಡೆಯ ಆಳೊಬ್ಬ ಹೇಳಿದ. ಬಲ್ಲಾಳ ಸೆರೆಯಾದ, ಆಮೇಲೆ ಕೊಲೆಯಾದ. ಹೊಯ್ಸಳ ದೊರೆಯನ್ನು ಅಲ್ಲಿ ಗುರುತಿಸಿದವನು ಶತ್ರುವಿನ ಆಳು. ಸ್ವಂತ ಮೈಗಾವಲಿನವನೊಬ್ಬನೂ ಆ ವರ್ಣನೆಯಲ್ಲಿ ಕಾಣಿಸುವುದಿಲ್ಲ.