ಸ್ವಿಚ್ಚಿಗಿಂತ ಗಾಲಿ

ರೇಡಾರ್ ನೋಡಬೇಕಾದರೆ ಅಲೆಗಳನ್ನು ಹೊರಬಿಡಲೇಬೇಕು. ಬಿಟ್ಟ ಕ್ಷಣವೇ ತಾನಿರುವ ಜಾಗ ಶತ್ರುವಿಗೆ ಗೊತ್ತಾಗುತ್ತದೆ. 1960ರ ದಶಕದ ನಡುವೆ ಅಮೆರಿಕ ವಿಯೆಟ್ನಾಮಿನಲ್ಲಿ ಪ್ರಯೋಗಿಸಿದ ಶ್ರೈಕ್ ಕ್ಷಿಪಣಿ ಆ ಅಲೆಯ ಜಾಡು ಹಿಡಿದು ಬಂದು ಆಂಟೆನಾದ ಮೇಲೆ ಎರಗುತ್ತಿತ್ತು. ಅಲ್ಲಿನ ಆಪರೇಟರುಗಳು ಕ್ಷಿಪಣಿ ಹೊರಟ ಸುಳಿವು ಸಿಕ್ಕೊಡನೆ ಆಂಟೆನಾವನ್ನು ಪಕ್ಕಕ್ಕೆ ತಿರುಗಿಸಿ ಪ್ರಸಾರ ನಿಲ್ಲಿಸುವುದನ್ನು ಕಲಿತರು. ಜಾಡು ಕಡಿದ ಶ್ರೈಕ್ ದಾರಿ ತಪ್ಪುತ್ತಿತ್ತು. ಸ್ವಿಚ್ ಆರಿಸಿದರೆ ಬದುಕಿದೆವು ಎಂಬ ನಂಬಿಕೆ ಹುಟ್ಟಿದ್ದು ಹೀಗೆ. ಅದು ಬಹುಕಾಲ ಬಾಳಲಿಲ್ಲ. ಮುಂದೆ ಬಂದ ಸ್ಟ್ಯಾಂಡರ್ಡ್, ಹಾರ್ಮ್ ಕ್ಷಿಪಣಿಗಳು ಅಲೆ ನಿಂತರೂ ಅದು ಬಂದ ಜಾಗವನ್ನು ನೆನಪಿಟ್ಟುಕೊಂಡವು. ಆರಿಸಿ ಅಲ್ಲೇ ಕುಳಿತವನಿಗೆ ಮೌನವೊಂದೇ ರಕ್ಷಣೆಯಾಗಲಾರದು. ಅವನನ್ನು ಉಳಿಸುವುದು ಗಾಲಿ ಎಂಬುದು ನನ್ನ ವಾದ.

ಇದಕ್ಕೆ ಗಟ್ಟಿ ಸಾಕ್ಷಿ 1999ರಲ್ಲಿ ನ್ಯಾಟೊದ ಬಾಂಬ್ ದಾಳಿಗೆ ಗುರಿಯಾದ ಯುಗೊಸ್ಲಾವಿಯಾ. ನಮ್ಮ ವಾಯುಪಡೆ ಪೆಚೋರಾ ಎಂದು ಕರೆಯುವ ಎಸ್-125 ಕ್ಷಿಪಣಿ ವ್ಯವಸ್ಥೆಯೇ ಅಲ್ಲಿ ಝೋಲ್ತಾನ್ ದಾನಿಯ ತುಕಡಿಯ ಕೈಯಲ್ಲಿತ್ತು. ಒಮ್ಮೆಗೆ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಮಾತ್ರ ಪ್ರಸಾರ, ಆಮೇಲೆ ಗಂಟುಮೂಟೆ ಕಟ್ಟಿ ಬೇರೆಡೆಗೆ ಪಯಣ. ಮಾರ್ಚ್ 27ರಂದು ಇದೇ ತುಕಡಿ ರೇಡಾರಿಗೆ ಸುಲಭಕ್ಕೆ ಸಿಗದ ಎಫ್-117 ವಿಮಾನವನ್ನು ಉರುಳಿಸಿತು. ನ್ಯಾಟೊ 700ಕ್ಕೂ ಹೆಚ್ಚು ಹಾರ್ಮ್ ಕ್ಷಿಪಣಿಗಳನ್ನು ಸುರಿದರೂ ಈ ಅಲೆಮಾರಿಗಳನ್ನು ಮುಗಿಸಲಾಗಲಿಲ್ಲ. ಆರಿಸಿದ ರೇಡಾರ್ ಕುರುಡು, ಅಷ್ಟಕ್ಕೇ ಎದುರಾಳಿ ಗೆದ್ದನಲ್ಲ ಎನ್ನುವವರಿದ್ದಾರೆ. ಬಾಂಬುಗಳು ಬಿದ್ದದ್ದು ನಿಜವಾದ್ದರಿಂದ ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಬದುಕುಳಿದ ರೇಡಾರುಗಳ ಭಯಕ್ಕೆ ನ್ಯಾಟೊ ಯುದ್ಧ ಮುಗಿಯುವವರೆಗೂ ರೇಡಾರ್ ಬೇಟೆಯ ವಿಮಾನಗಳನ್ನು ಬೆಂಗಾವಲಿಗೆ ಕಳಿಸುತ್ತಲೇ ಇರಬೇಕಾಯಿತು. ಸುಟ್ಟುಹೋದ ರೇಡಾರಿಗೆ ಯಾರೂ ಹೆದರುವುದಿಲ್ಲ.

ಈ ಪಾಠ ಬೆಂಗಳೂರಿನ ರೇಡಾರ್ ಕಸುಬಿನಲ್ಲೂ ಕಾಣುತ್ತದೆ. ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯ ವಿನ್ಯಾಸ ಮಾಡಿ ಬಿಇಎಲ್ ತಯಾರಿಸಿದ ರೋಹಿಣಿ ರೇಡಾರ್ ಟಾಟ್ರಾ ಲಾರಿಯ ಮೇಲೆ ಸಾಗುತ್ತದೆ; ಸೇನೆಯ ಆಕಾಶ್ ಕ್ಷಿಪಣಿಗೆ ಕಣ್ಣಾದ ರಾಜೇಂದ್ರ ಟ್ಯಾಂಕಿನಂತೆ ಚೈನುಗಾಲಿಯ ಮೇಲೆ. ಆಧುನಿಕ ರೇಡಾರ್ ಆವರ್ತನವನ್ನು ಕ್ಷಣಕ್ಷಣ ಬದಲಿಸುತ್ತದೆ, ಅಕ್ಕಪಕ್ಕಕ್ಕೆ ಸೋರುವ ಅಲೆಯನ್ನು ಕುಗ್ಗಿಸುತ್ತದೆ, ಇನ್ನು ಅಲೆದಾಟವೇಕೆ ಎಂದು ಕೇಳಬಹುದು. ಅವೆಲ್ಲ ಪತ್ತೆಯನ್ನು ಕಷ್ಟವಾಗಿಸುತ್ತವೆ, ಅಸಾಧ್ಯವಾಗಿಸುವುದಿಲ್ಲ. ರೇಡಾರಿಗೆ ಬೇಕಾದ ಪ್ರತಿಧ್ವನಿ ಹೋಗಿ ಮರಳಿ ಬರಬೇಕು. ಕದ್ದು ಕೇಳುವವನಿಗೆ ಹೋಗುವ ಅಲೆಯೇ ಸಾಕು. ದೂರದ ಲಾಭ ಸಾಮಾನ್ಯವಾಗಿ ಅವನದೇ. ಇಂಥ ಅಲೆಗಳನ್ನೇ ಬೇಟೆಯಾಡುವ ರುದ್ರಂ-1 ಕ್ಷಿಪಣಿಯನ್ನು ಭಾರತವೇ 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ ಪರೀಕ್ಷಿಸಿತು. ನಮ್ಮ ಬಳಿ ಇರುವುದು ಎದುರಾಳಿಯ ಬಳಿ ಇರದು ಎಂದು ನೆಚ್ಚಿ ಕೂರುವಂತಿಲ್ಲ.

ಗಾಲಿಗೂ ಬೆಲೆಯುಂಟು. ಲಾರಿ ದಾರಿಯಲ್ಲಿರುವಷ್ಟು ಹೊತ್ತು ಆಕಾಶದ ಒಂದು ಮೂಲೆ ಕಾವಲಿಲ್ಲದೆ ಉಳಿಯುತ್ತದೆ. ಬಿಇಎಲ್ ಕಟ್ಟಿಕೊಟ್ಟ, ವಾಯುಪಡೆಯ ರೇಡಾರುಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಐಎಸಿಸಿಎಸ್ ವ್ಯವಸ್ಥೆಯ ಮಹತ್ವ ನನಗೆ ಕಾಣುವುದು ಇಲ್ಲಿಯೇ. ಒಂದು ರೇಡಾರ್ ಬಾಯಿ ಮುಚ್ಚಿ ಜಾಗ ಬದಲಿಸುವಾಗ ಇನ್ನೊಂದು ಕಂಡದ್ದು ಅದೇ ಪರದೆಗೆ ಬರುತ್ತಿರುತ್ತದೆ.