ಬಿದನೂರಿನ ಕಡಲು ಮತ್ತು ಧ್ರುವಸಾಗರದ ಯುದ್ಧನೌಕೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕೋಟೆ, ದೇವಾಲಯ, ಮಠ ಮತ್ತು ಶಿಸ್ತುಗಳ ವಿಚಾರವನ್ನೇ ಬರೆದಿದ್ದಾರೆ. ಇದು ಸಹಜವೇ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಇವೆಲ್ಲವೂ ಘಟ್ಟದ ಮೇಲಿನ ಸ್ಥಳಗಳು. ಸಾಗರವೆಂಬ ಹೆಸರು ಕೂಡ ಕಡಲಿನದಲ್ಲ, ಸದಾಶಿವಸಾಗರವೆಂಬ ಕೆರೆಯದೆಂದು ಪ್ರತೀತಿ. ಆದರೆ ಈ ರಾಜ್ಯದ ಐಶ್ವರ್ಯಕ್ಕೆ ಕಡಲೇ ಹೆದ್ದಾರಿಯಾಗಿದ್ದಿತೆಂಬುದನ್ನು ಮರೆತರೆ, ಹದಿನೆಂಟನೆಯ ಶತಮಾನದ ಕರ್ಣಾಟಕದ ನೌಕಾಚರಿತ್ರೆಯು ಅರ್ಥವಾಗುವುದಿಲ್ಲ.

ಮಲೆನಾಡಿನ ಮೆಣಸು ಮತ್ತು ಕರಾವಳಿಯ ಅಕ್ಕಿ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹೊರದೇಶಗಳಿಗೆ ಹೋಗುತ್ತಿದ್ದುವು. ಶಿವಪ್ಪನಾಯಕನು 1650ರ ದಶಕದಲ್ಲಿ ಪೋರ್ಚುಗೀಸರನ್ನು ಈ ಬಂದರುಗಳ ಕೋಟೆಗಳಿಂದ ಹೊರದೂಡಿದನು. ಆದರೂ ಅವನ ವಂಶದವರ ಬಲವು ನೆಲದ ಬಲವೇ ಆಗಿದ್ದಿತು. 1665ರಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಬಸರೂರನ್ನು ಸುಲಿದಾಗ ಅವನನ್ನು ಕಡಲಿನಲ್ಲಿಯೇ ತಡೆಯಬಲ್ಲ ಪಡೆಯು ಬಿದನೂರಿಗೆ ಇರಲಿಲ್ಲ. ಬಂದರುಗಳಿದ್ದುವು, ಮರವಿದ್ದಿತು, ಹಣವಿದ್ದಿತು; ಯುದ್ಧನೌಕೆಗಳು ಮಾತ್ರ ಸಾಲದಾಗಿದ್ದುವು.

ಈ ಕೊರತೆಯನ್ನು ತುಂಬಲು ಯತ್ನಿಸಿದವನು ಹೈದರಾಲಿ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರವೇ ಅದು. ತನ್ನ ಮುಂದಿನ ಏಳಿಗೆಗೆಲ್ಲ ಈ ವಿಜಯವೇ ತಳಹದಿಯೆಂದು ಅವನು ಹೇಳುತ್ತಿದ್ದನೆಂದು ವಿಲ್ಕ್ಸ್ ಬರೆದಿದ್ದಾನೆ. ಅವನು ಕೈಗೊಂಡ ಮೊದಲ ಕಾರ್ಯಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಹಡಗುಕಟ್ಟೆ ಮತ್ತು ನೌಕಾ ಶಸ್ತ್ರಾಗಾರಗಳ ಏರ್ಪಾಡು ಒಂದು. ಮೈಸೂರಿಗೆ ಕಡಲು ದೊರೆತದ್ದು ಬಿದನೂರಿನ ಮೂಲಕವೇ.

ಇನ್ನು ಹತ್ತು ವರ್ಷ ಮುಂದೆ, ಭೂಮಂಡಲದ ಇನ್ನೊಂದು ತುದಿಗೆ ಹೋಗೋಣ. 1773ರ ಬೇಸಗೆಯಲ್ಲಿ ಬ್ರಿಟಿಷ್ ನೌಕಾಪಡೆಯ ರೇಸ್‌ಹಾರ್ಸ್ ಮತ್ತು ಕಾರ್ಕಸ್ ಎಂಬ ಎರಡು ನೌಕೆಗಳು ಕ್ಯಾಪ್ಟನ್ ಫಿಪ್ಸನ ನಾಯಕತ್ವದಲ್ಲಿ ಉತ್ತರ ಧ್ರುವದತ್ತ ಹೊರಟವು. ಇವು ಬಾಂಬುನೌಕೆಗಳು. ಭಾರವಾದ ಮಾರ್ಟರ್ ಫಿರಂಗಿಗಳನ್ನು ಹಾರಿಸಿದಾಗ ಅದರ ಹಿಮ್ಮೆಟ್ಟು ಹಡಗಿನ ಒಡಲಿಗೇ ಬಡಿಯುತ್ತದೆ. ಆದುದರಿಂದ ಇಂಥ ನೌಕೆಗಳ ಪಕ್ಕೆಲುಬು ಮತ್ತು ತೊಲೆಗಳನ್ನು ಅತಿ ಬಲವಾಗಿ ಕಟ್ಟುತ್ತಿದ್ದರು. ಗುಂಡಿನ ಆಘಾತಕ್ಕೆಂದು ಕಟ್ಟಿದ ಒಡಲು ಮಂಜುಗಡ್ಡೆಯ ಒತ್ತಡವನ್ನೂ ತಾಳಬಲ್ಲದೆಂದು ಇವನ್ನು ಆರಿಸಿದರು. 1839ರಲ್ಲಿ ದಕ್ಷಿಣ ಧ್ರುವದತ್ತ ಹೊರಟ ಎರೆಬಸ್, ಟೆರರ್ ಎಂಬ ನೌಕೆಗಳೂ ಇದೇ ಜಾತಿಯವು. ಟೆರರ್ 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮೇಲೆ ಬಾಂಬುಗಳನ್ನು ಎಸೆದಿದ್ದಿತು. ಫಿಪ್ಸನ ನೌಕೆಗಳು 80 ಡಿಗ್ರಿ ಅಕ್ಷಾಂಶವನ್ನು ದಾಟಿ, ಸ್ಪಿಟ್ಸ್‌ಬರ್ಗೆನ್ನಿನ ಉತ್ತರಕ್ಕೆ ಹಿಮದಲ್ಲಿ ಸಿಕ್ಕಿಬಿದ್ದು, ದೋಣಿಗಳನ್ನು ಮಂಜಿನ ಮೇಲೆ ಎಳೆದೊಯ್ಯುವ ಸ್ಥಿತಿಗೆ ಬಂದು, ಆಗಸ್ಟಿನಲ್ಲಿ ಹೇಗೋ ಬಿಡುಗಡೆ ಹೊಂದಿ ಹಿಂದಿರುಗಿದುವು.

ಕಾರ್ಕಸ್ ನೌಕೆಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿದ್ದನು. ಹೆಸರು ಹೊರೇಷಿಯೊ ನೆಲ್ಸನ್. ಅದೇ ವರ್ಷ ನವೆಂಬರಿನಲ್ಲಿ ಅವನು ಸೀಹಾರ್ಸ್ ಎಂಬ ಯುದ್ಧನೌಕೆಯನ್ನೇರಿ ಭಾರತಕ್ಕೆ ಹೊರಟು, 1774ರಲ್ಲಿ ಮದರಾಸನ್ನು ಸೇರಿದನು. 1775ರಲ್ಲಿ ಸೀಹಾರ್ಸ್ ಕಂಪನಿಯ ಹಣವನ್ನು ಮುಂಬಯಿಗೆ ಒಯ್ಯುತ್ತಿದ್ದಾಗ, ಫೆಬ್ರವರಿ 19ರಂದು ಹೈದರಾಲಿಯ ಎರಡು ಕೆಚ್ ನೌಕೆಗಳು ಅದನ್ನು ಎದುರಿಸಿದುವು. ಸ್ವಲ್ಪ ಹೊತ್ತು ಗುಂಡಿನ ಚಕಮಕಿ ನಡೆಯಿತು, ಕೆಚ್‌ಗಳು ಹಿಮ್ಮೆಟ್ಟಿದುವು. ನೆಲ್ಸನ್ ಕಂಡ ಮೊಟ್ಟಮೊದಲ ಕದನ ಇದೇ. ಧ್ರುವಸಾಗರದಲ್ಲಿ ಅವನು ಹಿಮಕರಡಿಯನ್ನು ಬೆನ್ನಟ್ಟಿದ ಕಥೆಗೆ ಚಿತ್ರಗಳುಂಟು, ಪುಟಗಟ್ಟಲೆ ವರ್ಣನೆಯುಂಟು. ಈ ಕದನಕ್ಕೆ ಅವನ ಚರಿತ್ರಕಾರರು ಒಂದೆರಡು ವಾಕ್ಯಗಳನ್ನು ಮೀಸಲಿಡುತ್ತಾರೆ. ಅದಕ್ಕೆ ನಾವು ಅವರನ್ನು ದೂರಲಾರೆವು. ನಮ್ಮ ಪಠ್ಯಪುಸ್ತಕಗಳಲ್ಲಿ ಆ ಒಂದೆರಡು ವಾಕ್ಯಗಳಾದರೂ ಇವೆಯೇ?

ಆಗ ಹೈದರನಿಗೂ ಕಂಪನಿಗೂ ಯುದ್ಧವಿರಲಿಲ್ಲ. 1769ರ ಮದರಾಸಿನ ಕೌಲು ಜಾರಿಯಲ್ಲಿದ್ದಿತು. ಹೀಗಿರುವಾಗ ರಾಜನೌಕೆಯೊಂದನ್ನು ಎರಡು ಸಣ್ಣ ನೌಕೆಗಳು ಎದುರಿಸಿದುದನ್ನು ಕೇವಲ ಕಡಲ್ಗಳ್ಳತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1768ರಲ್ಲಿ ಮಂಗಳೂರಿನಲ್ಲಿ ಇಂಗ್ಲಿಷರಿಂದ ಪೆಟ್ಟು ತಿಂದ ನೌಕಾಬಲವು ಏಳು ವರ್ಷಗಳೊಳಗೆ ಮತ್ತೆ ಕಡಲಿಗಿಳಿದಿದ್ದಿತೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಬಲವನ್ನು ಅತಿಯಾಗಿ ಹೊಗಳುವುದೂ ಸಲ್ಲದು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿಗೆ ಬಂದು ಹೈದರನ ಹಡಗುಗಳನ್ನು ನಾಶಮಾಡಿದನು. ಮರ ಮತ್ತು ಹಣಗಳನ್ನು ಬಿದನೂರು ಕೊಡಬಲ್ಲುದಾಗಿದ್ದಿತು. ತಲೆಮಾರುಗಳಿಂದ ಪಳಗಿದ ನೌಕಾಧಿಕಾರಿಗಳನ್ನು ಕೊಡಲಾರದಾಯಿತು. ಟೀಪುವು 1790ರ ದಶಕದಲ್ಲಿ ನಲವತ್ತು ಯುದ್ಧನೌಕೆಗಳ ಯೋಜನೆ ಹಾಕಿದರೂ ಅದು ಪೂರ್ಣವಾಗಲಿಲ್ಲ.

ಅವನು ಫ್ರೆಂಚರ ನೆರವನ್ನು ಕಾದನು. 1798ರ ಆಗಸ್ಟ್ 1ರಂದು ಅಬೂಕೀರಿನಲ್ಲಿ ಫ್ರೆಂಚ್ ನೌಕಾಪಡೆಯನ್ನು ಮುರಿದವನು ಅದೇ ನೆಲ್ಸನ್. ಕೆಲವೇ ದಿನಗಳಲ್ಲಿ ಅವನು ಆ ಸುದ್ದಿಯನ್ನು ಭೂಮಾರ್ಗವಾಗಿ ಮುಂಬಯಿಯ ಗವರ್ನರನಿಗೆ ಕಳುಹಿಸಿದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು.